ಗಾಡಿ ಬದಲಿಸುವ ಊರಿನಲ್ಲಿ ಮೂರು ದಿನ

ಹುಬ್ಬಳ್ಳಿಯ ಹೆಸರು ಪ್ರವಾಸಿ ಕೈಪಿಡಿಗಳಲ್ಲಿ ಬಹುಮಟ್ಟಿಗೆ ಒಂದೇ ಕಾರಣಕ್ಕೆ ಬರುತ್ತದೆ. ಹಂಪಿಗೆ, ಬಾದಾಮಿಗೆ, ಗೋವೆಗೆ ಇಲ್ಲವೆ ದಾಂಡೇಲಿಯ ಕಾಡಿಗೆ ಹೊರಟವರು ಗಾಡಿ ಬದಲಿಸುವ ಜಂಕ್ಷನ್ ಎಂಬ ವಿವರಣೆಯೊಂದಿಗೆ ಆ ಹೆಸರು ಮುಗಿದುಹೋಗುತ್ತದೆ; ಸುಮಾರು 20 ಕಿಲೋಮೀಟರ್ ಆಚೆಗಿರುವ ಧಾರವಾಡಕ್ಕಾದರೋ ಪೇಢೆಯ ಡಬ್ಬಿಯ ಮೇಲೆ ಅಚ್ಚಾದ ಹೆಸರೆಂಬ ಗೌರವ ಮಾತ್ರ ಸಲ್ಲುತ್ತದೆ. ಬ್ಯಾಂಕಾಕ್, ಜಕಾರ್ತಾ, ಕ್ವಾಲಾಲಂಪುರದಂಥ ಗಿಜಿಗುಡುವ ರಾಜಧಾನಿಗಳಲ್ಲಿ ಮೂರು ನಾಲ್ಕು ದಿನ ತಂಗಿ, ಅಲ್ಲಿನ ಪೇಟೆಯ ಓಣಿಗಳನ್ನೂ ರಾತ್ರಿಯ ತಿನಿಸಿನ ಬೀದಿಗಳನ್ನೂ ಆಸೆಯಿಂದ ಸುತ್ತುವ ಕನ್ನಡದ ಪ್ರವಾಸಿಯೇ ಈ ಅವಳಿ ನಗರಕ್ಕೆ ಎರಡು ರೈಲುಗಳ ನಡುವಣ ಬಿಡುವಿಗಿಂತ ಹೆಚ್ಚಿನ ಹೊತ್ತು ಕೊಡುವುದು ಅಪರೂಪ. ನೋಡತಕ್ಕದ್ದೆಂದರೆ ಸ್ಮಾರಕ, ಸ್ಮಾರಕವೆಂದರೆ ಅರಮನೆ ಅಥವಾ ಅವಶೇಷ ಎಂಬ ತಿಳುವಳಿಕೆ ಇದರ ಹಿಂದಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ನೋಡಲಿಕ್ಕಿರುವುದು ಹೆಚ್ಚಾಗಿ ಇಂದಿಗೂ ನಡೆಯುತ್ತಿರುವ ಕೆಲಸ, ಮತ್ತು ಕೆಲಸವನ್ನು ನೋಡಬೇಕಾದವರು ಅದು ನಡೆಯುವ ಹೊತ್ತಿಗೆ ಅಲ್ಲಿರಬೇಕಾಗುತ್ತದೆ. ಅದಕ್ಕೆ ಕನಿಷ್ಠ ಮೂರು ದಿನ ಬೇಕು.

ಎರಡು ಊರುಗಳು ಒಂದೇ ಮಹಾನಗರ ಪಾಲಿಕೆಯ ಆಡಳಿತಕ್ಕೆ ಬಂದದ್ದು 1962ರಲ್ಲಿ. 2011ರ ಜನಗಣತಿಯಂತೆ ಒಂಬತ್ತು ಲಕ್ಷಕ್ಕೂ ಮಿಕ್ಕಿದ ಜನರಿರುವ ಈ ಪಾಲಿಕೆ ಒಂದೇ ಆದರೂ ಊರುಗಳ ಸ್ವಭಾವ ಒಂದಾಗಲಿಲ್ಲ: ಹುಬ್ಬಳ್ಳಿ ವ್ಯಾಪಾರದ, ರೈಲಿನ, ಕಾರ್ಖಾನೆಯ ಊರಾಗಿ ಉಳಿಯಿತು, ಧಾರವಾಡ ಕಚೇರಿ, ಶಾಲೆ, ಮುದ್ರಣಾಲಯ, ತಂಬೂರಿಗಳ ಊರಾಗಿ ಉಳಿಯಿತು. ಈ ಭೇದಕ್ಕೆ ನೆಲದ ಇಳಿಜಾರಿನ ಬೆಂಬಲವೂ ಇದೆ. ಧಾರವಾಡ ಮಲೆನಾಡಿನ ಸೆರಗಿನಲ್ಲಿದ್ದು, ಅಲ್ಲಿನ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲಾ ನದಿ ಬೇಡ್ತಿ-ಗಂಗಾವಳಿಯ ದಾರಿಯಾಗಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ; ಹುಬ್ಬಳ್ಳಿಯ ಮೂಡಣ ಬಯಲಿನ ನೀರನ್ನು ಕೂಡಿಸಿಕೊಳ್ಳುವ ಬೆಣ್ಣೆಹಳ್ಳ ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಯ ಕಡೆಗೆ ಹರಿಯುತ್ತದೆ. ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಸ್ಸು ಹತ್ತಿದವರು ಒಣಗಿದ ರಸ್ತೆಯ ಹುಬ್ಬಳ್ಳಿಯಲ್ಲಿ ಇಳಿಯುವುದುಂಟು. ಕೆಂಪು ಮಣ್ಣು ಮುಗಿದು ಎರಿ ಮಣ್ಣು, ಅಂದರೆ ಹತ್ತಿ ಬೆಳೆಯುವ ಕಪ್ಪು ನೆಲ, ಆರಂಭವಾಗುವುದೂ ಈ ನಡುವೆಯೇ.

ಈ 20 ಕಿಲೋಮೀಟರ್ ಅಂತರವನ್ನು ಇಂದು ಬೆಸೆದಿರುವುದು ಚಿಗರಿ ಬಸ್ಸು. ಉತ್ತರ ಕರ್ನಾಟಕದ ಮಾತಿನಲ್ಲಿ ಚಿಗರಿ ಎಂದರೆ ಜಿಂಕೆ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಹೊರಟು, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ವ್ಯವಸ್ಥೆಯನ್ನು ಬಿ.ಆರ್.ಟಿ.ಎಸ್., ಅಂದರೆ ತ್ವರಿತ ಬಸ್ ಸಾರಿಗೆ ಎನ್ನುತ್ತಾರೆ: ರಸ್ತೆಯ ನಟ್ಟನಡುವೆ ಬಸ್ಸಿಗೇ ಮೀಸಲಾದ ಪಥ, ರೈಲು ನಿಲ್ದಾಣದಂತೆ ಎತ್ತರಿಸಿದ ಕಟ್ಟೆ, ಟಿಕೆಟನ್ನು ಬಸ್ಸು ಹತ್ತುವ ಮೊದಲೇ ಪಡೆಯುವ ಕ್ರಮ. ಈ ಕಲ್ಪನೆ ಬ್ರೆಜಿಲಿನ ಕುರಿಟಿಬಾ ನಗರದಲ್ಲಿ 1974ರಲ್ಲಿ ಕಾರ್ಯರೂಪಕ್ಕೆ ಬಂದು, ಕೊಲಂಬಿಯಾದ ಬೊಗೋಟಾವನ್ನು ಹಾದು, 2004ರಲ್ಲಿ ಇಂಡೊನೇಷ್ಯಾದ ರಾಜಧಾನಿ ಜಕಾರ್ತಾವನ್ನು ಸೇರಿತು. ಅಲ್ಲಿ ಟ್ರಾನ್ಸ್‌ಜಕಾರ್ತಾ ಬಸ್ಸಿನಲ್ಲಿ ನಿಂತು ನಗರ ನೋಡಿದವರಿಗೆ ಚಿಗರಿಯ ಕಟ್ಟೆಯೂ ಗಾಜಿನ ಬಾಗಿಲೂ ಹೊಸವೆನಿಸಲಾರವು. ಈ ಮೀಸಲು ಪಥ ಉಳಿದ ವಾಹನಗಳ ದಾರಿಯನ್ನು ಕಿರಿದಾಗಿಸಿತೆಂಬ ಆಕ್ಷೇಪ ನಗರದಲ್ಲಿದೆ, ಅದರಲ್ಲಿ ಹುರುಳೂ ಇದೆ. ಆದರೆ ಊರು ಅರಿಯದವರಿಗೆ ಇದಕ್ಕಿಂತ ಸರಳವಾದ ದಾರಿ ಬೇರೆ ಇಲ್ಲ. ಉಣಕಲ್, ನವನಗರ, ರಾಯಾಪುರ, ಪೇರಲ ತೋಟಗಳ ನವಲೂರು ಇವೆಲ್ಲ ಒಂದೇ ಗೆರೆಯ ಮೇಲೆ ಸಾಲಾಗಿ ಬರುತ್ತವೆ.

ಮೊದಲ ದಿನವನ್ನು ಹುಬ್ಬಳ್ಳಿಗೆ, ಅದರಲ್ಲೂ ರೈಲಿಗೆ, ಕೊಡುವುದು ಸರಿ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇಲ್ಲಿಗೆ ಹಳಿ ಹಾಕಿ ಕಾರ್ಯಾಗಾರ ತೆರೆದ ಮೇಲೆ, ಹತ್ತಿಯ ಪೇಟೆಯಾಗಿದ್ದ ಊರು ಕಾರ್ಮಿಕರ ಊರೂ ಆಯಿತು. 2003ರಲ್ಲಿ ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಇಲ್ಲಿಯೇ ನೆಲೆಗೊಂಡಿತು. ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಹೊತ್ತಿರುವ ನಿಲ್ದಾಣದಲ್ಲಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದವಾದದ್ದು. ಅದಕ್ಕೆ ಮೊದಲು ಈ ಹೆಸರಿದ್ದದ್ದು 1,366 ಮೀಟರಿನ ಗೋರಖಪುರಕ್ಕೆ. ದಾಖಲೆಗಿಂತ ಕಾರಣ ಮುಖ್ಯ: ಬೇರೆ ಬೇರೆ ದಿಕ್ಕಿಗೆ ಹೋಗುವ ಎರಡು ಪೂರ್ಣ ಉದ್ದದ ಗಾಡಿಗಳು ಒಂದೇ ಕಟ್ಟೆಗೆ ಹತ್ತಿ ನಿಲ್ಲುವುದಕ್ಕೆ ಇದು ಅವಕಾಶ ಮಾಡಿಕೊಡುತ್ತದೆ. ನಿಲ್ದಾಣದ ಸಮೀಪದಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವನ್ನು ಮಕ್ಕಳಿರುವವರು ಬಿಡಬಾರದು. ಗಾಜಿನ ಮನೆ, ನೃಪತುಂಗ ಬೆಟ್ಟ, ಉಣಕಲ್ ಕೆರೆಯ ದಂಡೆಗಳು ಸಂಜೆಯ ಗಾಳಿಗೆ ಹಿತವಾದ ತಾಣಗಳು. ಅವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯದ ಮಾತು ಬೇರೆ. ಕಲ್ಯಾಣ ಚಾಲುಕ್ಯರ ಕಾಲದ, ಸುಮಾರು 900 ವರ್ಷ ಹಳೆಯದಾದ ಈ ಗುಡಿಗೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲುಗಳಿವೆ. ಒಂದೇ ಮುಖದಿಂದ ಪ್ರವೇಶಿಸುವ ಗುಡಿಗಳೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಇದು ವಿರಳವಾದ ರಚನೆ. ಒಳಗೆ ನಾಲ್ಕು ಮುಖಗಳ ಚತುರ್ಮುಖ ಲಿಂಗವಿದೆ. ಗೋಡೆಗೆ ಕೂಡಿಸಿದ ಜಾಲಂಧ್ರಗಳು, ಅಂದರೆ ಕಲ್ಲಿನಲ್ಲಿ ತೂತು ಕೊರೆದು ಮಾಡಿದ ಕಿಟಕಿಗಳು, ಬೆಳಕನ್ನು ಸೋಸಿ ಒಳಗೆ ಬಿಡುತ್ತವೆ. ಗುಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದರೂ ಸುತ್ತ ಮನೆಗಳು ಒತ್ತಾಗಿ ನಿಂತಿವೆ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವುದನ್ನು ನಿಷೇಧಿಸುವ 2010ರ ಕಾನೂನು ತಿದ್ದುಪಡಿ ಸ್ಮಾರಕಕ್ಕೆ ಅಗತ್ಯವಾದದ್ದು. ಆದರೆ ತಲೆಮಾರುಗಳಿಂದ ಅಲ್ಲಿಯೇ ಬಾಳುತ್ತ ಬಂದ ಮನೆಯವರಿಗೆ ಒಂದು ಕೋಣೆ ಹೆಚ್ಚಿಸುವುದೂ ಅದರಿಂದ ಕಷ್ಟವಾಗುತ್ತದೆ. ಈ ಎರಡು ಹಕ್ಕುಗಳಲ್ಲಿ ಯಾವುದನ್ನೂ ಹಗುರವಾಗಿ ತಳ್ಳಿಹಾಕಬಾರದೆಂಬುದು ಆ ಓಣಿಯಲ್ಲಿ ನಡೆದವರಿಗೆ ತಾನಾಗಿ ತಿಳಿಯುತ್ತದೆ.

ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಯಾವ ಹೊತ್ತಿನಲ್ಲಿ ಹೋದರೂ ಜನರಿರುತ್ತಾರೆ. ಬೀದರ ಸೀಮೆಯಲ್ಲಿ 1836ರಲ್ಲಿ ಹುಟ್ಟಿ, ದೇಶ ಸುತ್ತಿ ಬಂದು ಇಲ್ಲಿ ನೆಲೆನಿಂತು 1929ರಲ್ಲಿ ಸಮಾಧಿ ಹೊಂದಿದ ಸಿದ್ಧಾರೂಢರು, ಜೀವ-ಬ್ರಹ್ಮಗಳು ಬೇರೆಯಲ್ಲವೆನ್ನುವ ಅದ್ವೈತವನ್ನು ಪಂಡಿತರ ಸಭೆಯಿಂದ ಇಳಿಸಿ, ಜಾತಿ ಕೇಳದೆ, ಕನ್ನಡದಲ್ಲಿ, ಒಕ್ಕಲುಮಕ್ಕಳಿಗೂ ಕೂಲಿಕಾರರಿಗೂ ಬೋಧಿಸಿದರು. ಮಹಾಶಿವರಾತ್ರಿಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಜಾತ್ರೆಯಲ್ಲದ ದಿನ ಮಠದ ದಾಸೋಹದ ಸಾಲಿನಲ್ಲಿ ಕುಳಿತು ಉಣ್ಣುವುದು ಈ ಸಂಪ್ರದಾಯವನ್ನು ಅರಿಯುವುದಕ್ಕೆ ಇನ್ನೂ ಹತ್ತಿರದ ದಾರಿ.

ಹುಬ್ಬಳ್ಳಿಯಲ್ಲಿ ಒಂದನ್ನೇ ನೋಡಲು ಹೊತ್ತಿದ್ದರೆ ಅದು ಬೆಂಗೇರಿಯಾಗಬೇಕು. 1957ರ ನವೆಂಬರ್ 1ರಂದು, ರಾಜ್ಯದ ಏಕೀಕರಣಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ನೆಲೆ ಇದು; ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಪಡೆದು ಖಾದಿಯ ರಾಷ್ಟ್ರಧ್ವಜ ತಯಾರಿಸುವ ಘಟಕವೆಂದು ದೇಶದಲ್ಲೆಲ್ಲ ಇದಕ್ಕೆ ಹೆಸರಿದೆ. ಇದಕ್ಕೂ ಮೊದಲೇ, 1954ರ ಹೊತ್ತಿಗೆ, ಧಾರವಾಡ ತಾಲೂಕಿನ ಗರಗದಲ್ಲಿ ಧ್ವಜದ ಬಟ್ಟೆ ನೇಯುವ ಕೆಲಸ ಆರಂಭವಾಗಿತ್ತು. ಹೀಗೆ ನೋಡಿದರೆ ದೇಶದ ಬಾವುಟಕ್ಕೂ ಈ ಜಿಲ್ಲೆಯ ಹತ್ತಿಗೂ ಇರುವ ನಂಟು ಬಹುಮಟ್ಟಿಗೆ ಗಣರಾಜ್ಯದಷ್ಟೇ ಹಳೆಯದು.

ಧ್ವಜ ಸಿದ್ಧವಾಗುವ ಬಗೆ ಹಲವು ಹಂತಗಳದ್ದು. ಹತ್ತಿಯನ್ನು ಕೈಯಲ್ಲಿ ನೂಲಬೇಕು. ನೂಲನ್ನು ಕೈಮಗ್ಗದಲ್ಲಿ ನೇಯಬೇಕು. ಬಟ್ಟೆಯನ್ನು ಚೊಕ್ಕಟಗೊಳಿಸಿ, ಒಂದು ಪಾಲಿಗೆ ಕೇಸರಿ, ಇನ್ನೊಂದಕ್ಕೆ ಹಸಿರು ಬಣ್ಣ ಕಟ್ಟಿ, ಮೂರನೆಯದನ್ನು ಬಿಳಿಯಾಗಿ ಉಳಿಸಬೇಕು. ಬಿಳಿ ಪಟ್ಟಿಯ ಎರಡೂ ಬದಿಗೆ 24 ಅರೆಗಳ ಕಡುನೀಲಿ ಚಕ್ರವನ್ನು ಅಚ್ಚೊತ್ತಬೇಕು. ಮೂರು ಪಟ್ಟಿಗಳನ್ನು ಕೂಡಿಸಿ ಹೊಲಿದು, ಕೊನೆಗೆ ಹಗ್ಗ ಮತ್ತು ಮರದ ಗುಬ್ಬಿ ಪೋಣಿಸಬೇಕು. ಚಕ್ರದ ಅಚ್ಚೇ ಇಲ್ಲಿ ಎಲ್ಲಕ್ಕಿಂತ ನಾಜೂಕಿನ ಕೆಲಸ, ಏಕೆಂದರೆ ಮುಂಬದಿಯ ಚಕ್ರದ ಬೆನ್ನಿಗೇ ಹಿಂಬದಿಯ ಚಕ್ರ ಕೂಡಬೇಕು, ಕೂದಲೆಳೆಯಷ್ಟು ಸರಿದರೂ ಬಿಸಿಲಿಗೆ ಹಿಡಿದಾಗ ಎರಡು ಚಕ್ರಗಳು ಕಾಣುತ್ತವೆ. ಧ್ವಜಸಂಹಿತೆ, ಅಂದರೆ ರಾಷ್ಟ್ರಧ್ವಜದ ಬಳಕೆಯ ನಿಯಮಾವಳಿ, ಒಂಬತ್ತು ಅಳತೆಗಳನ್ನು ಹೇಳುತ್ತದೆ: ಮೇಜಿನ ಮೇಲೆ ನಿಲ್ಲುವ 6 ಅಂಗುಲ ಉದ್ದ 4 ಅಂಗುಲ ಅಗಲದ ಬಾವುಟದಿಂದ ಹಿಡಿದು, ಭಾರಿ ಕಂಬಗಳಿಗೆ ಏರುವ 21 ಅಡಿ ಉದ್ದ 14 ಅಡಿ ಅಗಲದ ಬಾವುಟದವರೆಗೆ, ಯಾವುದಾದರೂ ಉದ್ದ-ಅಗಲಗಳ ಪ್ರಮಾಣ 3ಕ್ಕೆ 2 ಇರಲೇಬೇಕು. ಬಣ್ಣದ ಛಾಯೆ, ನೂಲಿನ ಎಣಿಕೆ, ಬಟ್ಟೆಯ ತೂಕ, ಹೊಲಿಗೆಯ ಬಿಗಿ ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ. ಈ ಕೆಲಸ ಮಾಡುವವರಲ್ಲಿ ಬಹುಪಾಲು ಹೆಂಗಸರು.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿ ತಂದು, ಯಂತ್ರದಲ್ಲಿ ತಯಾರಾದ ಹಾಗೂ ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿ ಕೊಡಲಾಯಿತು. ಮನೆಮನೆಗೆ ಬಾವುಟ ಮುಟ್ಟಲಿ ಎಂಬುದು ಅದರ ಉದ್ದೇಶ. ಅದರ ಭಾರವನ್ನು ಹೊತ್ತವರು ಮಾತ್ರ ನೂಲುವವರು ಮತ್ತು ನೇಯುವವರು. ಅಗ್ಗದ ಬಾವುಟಗಳು ಪೇಟೆ ತುಂಬಿದ ಮೇಲೆ ಖಾದಿಯ ಬೇಡಿಕೆ ಕುಗ್ಗಿತೆಂದು ಬೆಂಗೇರಿಯ ಕೆಲಸಗಾರರು 2022ರಲ್ಲಿ ಪ್ರತಿಭಟನೆಗೆ ಇಳಿದರು. ಸ್ವಾತಂತ್ರ್ಯ ಚಳವಳಿ ಖಾದಿಯನ್ನು ಬಾವುಟದ ಬಟ್ಟೆಯಾಗಿ ಆಯ್ದದ್ದು ಅದು ದುಡಿಯುವ ಕೈಗೆ ಕೂಳು ಕೊಡುತ್ತದೆ ಎಂಬ ಕಾರಣಕ್ಕೇ. ಆ ಕಾರಣವನ್ನು ತೆಗೆದಿಟ್ಟು ಬಾವುಟವನ್ನಷ್ಟೇ ಉಳಿಸಿಕೊಳ್ಳುವುದು ನಷ್ಟದ ವ್ಯವಹಾರ. ಬೆಂಗೇರಿ ದುಡಿಮೆಯ ಜಾಗವಾದ್ದರಿಂದ ಮೊದಲೇ ಅನುಮತಿ ಕೇಳಿ, ಕೆಲಸದ ದಿನವೇ ಹೋಗಬೇಕು, ಮತ್ತು ಬರುವಾಗ ಒಂದು ಖಾದಿ ಬಾವುಟ ಕೊಂಡು ಬರಬೇಕು.

ಸಂಜೆಯ ಹುಬ್ಬಳ್ಳಿ ದುರ್ಗದ ಬೈಲಿನಲ್ಲಿ ತೆರೆದುಕೊಳ್ಳುತ್ತದೆ. ದುರ್ಗದ ಬೈಲು ಎಂದರೆ ಕೋಟೆಯ ಮುಂದಣ ಬಯಲು. ಇಂದು ಅದು ಸೀರೆ, ಬಳೆ, ಪಾತ್ರೆ, ಬಂಗಾರದ ಓಣಿಗಳು ಕೂಡುವ ಪೇಟೆ, ಮತ್ತು ಹೊತ್ತು ಮುಳುಗಿದ ಮೇಲೆ ತಿನಿಸಿನ ಗಾಡಿಗಳ ಸಾಲು. ಚುರುಮುರಿಗೆ ಉಳ್ಳಾಗಡ್ಡಿ-ಟೊಮೆಟೊ-ಹುಣಸೆಯ ಒಗ್ಗರಣೆಯ ಮಸಾಲೆ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ ಗಿರಮಿಟ್ಟನ್ನು ಬಿಸಿ ಮಿರ್ಚಿಯೊಂದಿಗೆ ತಿನ್ನುವುದು ಇಲ್ಲಿನ ರೂಢಿ. ಊಟಕ್ಕೆ ಖಾನಾವಳಿ: ಜೋಳದ ರೊಟ್ಟಿ, ಎಣಗಾಯಿ ಬದನೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು. ಮಾಂಸದೂಟ ಬೇಕಾದವರಿಗೆ ಸಾವಜಿ ಖಾನಾವಳಿಗಳಿವೆ. ನೇಕಾರಿಕೆಯ ಹಿನ್ನೆಲೆಯ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು ನಡೆಸುವ ಈ ಅಡುಗೆಯ ಖಾರಕ್ಕೆ ಸಿದ್ಧರಾಗಿಯೇ ಹೋಗಬೇಕು.

ಎರಡನೆಯ ದಿನ ಧಾರವಾಡದ್ದು. ಲೈನ್ ಬಜಾರದ ಪೇಢೆಯ ಅಂಗಡಿಯ ಮುಂದೆ ಬೆಳಗಿನಲ್ಲೇ ಸಾಲು ಹತ್ತುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರದ ಉನ್ನಾವದಿಂದ ಬಂದ ಠಾಕೂರ ಮನೆತನದವರು ಇಲ್ಲಿ ಪೇಢೆ ಮಾಡತೊಡಗಿದರು. ಹಾಲನ್ನು ಬತ್ತಿಸಿ ಖೋವಾ ಮಾಡಿ, ಅದನ್ನು ಸಕ್ಕರೆಯೊಂದಿಗೆ ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸುವುದು ಅದರ ವಿಧಾನ. 1933ರಲ್ಲಿ ಆರಂಭವಾದ ಮಿಶ್ರಾ ಮನೆತನದ ಪೇಢೆ ಇದರ ಜೊತೆಗೆ ಬೆಳೆದು ಊರೂರಿಗೆ ಹರಡಿತು. ಧಾರವಾಡ ಪೇಢೆಗೆ ಭೌಗೋಳಿಕ ಸೂಚಕ, ಅಂದರೆ ನಿರ್ದಿಷ್ಟ ಸ್ಥಳದ ಉತ್ಪನ್ನಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆನ್ನುವ ಕಾನೂನಿನ ಮನ್ನಣೆ, ದೊರೆತಿದೆ. ಆ ರುಚಿಯ ಹಿಂದಿರುವ ಎಮ್ಮೆಗೆ ಮನ್ನಣೆ ದೊರೆತದ್ದು ಮಾತ್ರ ತೀರ ತಡವಾಗಿ: ಧಾರವಾಡಿ ಎಮ್ಮೆ ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದಲ್ಲಿ ನೋಂದಣಿಯಾದದ್ದು 2021ರಲ್ಲಿ.

ಕರ್ನಾಟಕ ಕಾಲೇಜಿನ ಕಟ್ಟಡವನ್ನು ಅದರ ಮೊದಲ ಕೆಲಸವನ್ನು ನೆನೆದು ನೋಡಬೇಕು. ಅದು ಸದರ್ನ್ ಮರಾಠಾ ರೈಲ್ವೆಯ ಪ್ರಧಾನ ಕಚೇರಿಯಾಗಿ ಎದ್ದದ್ದು. ಕಂಪನಿಯ ಕಚೇರಿ ಮದ್ರಾಸಿಗೆ ಹೋದ ಮೇಲೆ, 1917ರಲ್ಲಿ ಆರಂಭವಾದ ಕಾಲೇಜು ಆ ಕಮಾನುಗಳ ಕೆಳಗೆ ನೆಲೆ ಕಂಡಿತು. ಹುಬ್ಬಳ್ಳಿಗೆ ಕಾರ್ಯಾಗಾರ, ಧಾರವಾಡಕ್ಕೆ ಕಚೇರಿ ಎಂಬ ಅಂದಿನ ಹಂಚಿಕೆಯೇ ಎರಡೂ ಊರುಗಳ ಮುಂದಿನ ದಾರಿಯನ್ನು ಬಹುಪಾಲು ತೀರ್ಮಾನಿಸಿತು ಎನ್ನಬಹುದು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆ ವಿಶ್ವವಿದ್ಯಾಲಯಕ್ಕಿಂತ ಹತ್ತು ವರ್ಷ ಹಿರಿದು. ಅಲ್ಲಿನ ಶಾಸನಗಳೂ ಶಿಲ್ಪಗಳೂ ಅರ್ಧ ದಿನ ಬೇಡುತ್ತವೆ.

ಆದರೂ ಧಾರವಾಡದ ಹೃದಯವನ್ನು ಕಟ್ಟಡಕ್ಕಿಂತ ಸಭೆಯಲ್ಲಿ ಹುಡುಕಬೇಕು. ಮುಂಬಯಿ ಪ್ರಾಂತದ ಆಡಳಿತದಲ್ಲಿ ಕನ್ನಡಕ್ಕೆ ತಾವಿಲ್ಲದಂತಾದ ಕಾಲದಲ್ಲಿ, 1890ರ ಜುಲೈ 20ರಂದು, ರಾ.ಹ. ದೇಶಪಾಂಡೆ ಮತ್ತು ಅವರ ಸಂಗಡಿಗರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಏಕೀಕರಣದ ವಿಚಾರ ಬಲಿತದ್ದು ಈ ಊರಿನಲ್ಲಿ; ಅದರ ಮುಂದಾಳು ಆಲೂರು ವೆಂಕಟರಾಯರು ಬಾಳಿದ್ದೂ ಇಲ್ಲಿಯೇ. ಸಂಘದ ಸಭಾಭವನದಲ್ಲಿ ಸಂಜೆಯ ಹೊತ್ತು ಉಪನ್ಯಾಸ, ಪುಸ್ತಕ ಬಿಡುಗಡೆ, ಚರ್ಚೆ ನಡೆಯುವುದು ಇಂದಿಗೂ ರೂಢಿಯಾದ್ದರಿಂದ, ಹಿಂದಿನ ಸಾಲಿನಲ್ಲಿ ಒಂದು ಗಂಟೆ ಕುಳಿತ ಪ್ರವಾಸಿಗೆ ಊರಿನ ಮಾತಿನ ಧಾಟಿ ಕಿವಿಗೆ ಬೀಳುತ್ತದೆ. ಸುಭಾಸ ರಸ್ತೆಯಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವಿದೆ. ಚಂದಾದಾರರಿಂದ ಮೊದಲೇ ಹಣ ಪಡೆದು ವರ್ಷವಿಡೀ ಪುಸ್ತಕ ಮುಟ್ಟಿಸುವ ಕ್ರಮದಿಂದ ನಡೆದು ಬಂದ ಈ ಪ್ರಕಾಶನದ ಮಾಳಿಗೆಯಲ್ಲಿ ಬೇಂದ್ರೆ, ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಕೂಡಿ ಮಾತಾಡಿದ್ದಾರೆ. ಬೇಂದ್ರೆಯವರ ಮನೆಯೂ ಸ್ಮಾರಕ ಭವನವೂ ಸಾಧನಕೇರಿಯಲ್ಲಿ, ಕೆರೆಯ ಮಗ್ಗುಲಲ್ಲಿವೆ. ಮಳೆ ಹಿಡಿದ ಮಧ್ಯಾಹ್ನ ಅಲ್ಲಿಗೆ ಹೋಗುವುದು ಉತ್ತಮ.

ಕೊಳ್ಳುವವರು ಕಸೂತಿಯ ಬಗ್ಗೆ ಒಂದಿಷ್ಟು ತಿಳಿದು ಹೋಗಬೇಕು. ಬಟ್ಟೆಯ ಮೇಲೆ ನಕ್ಷೆ ಬರೆಯದೆ, ನೇಯ್ಗೆಯ ಎಳೆಗಳನ್ನೇ ಎಣಿಸುತ್ತ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಹಾಕುವ ಈ ಕೈಕೆಲಸದಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಮೊದಲ ಎರಡರಲ್ಲಿ ಸೀರೆಯ ಎರಡೂ ಮೈಗಳು ಒಂದೇ ತೆರನಾಗಿ ಕಾಣಬೇಕು. ಆದ್ದರಿಂದ ಯಂತ್ರದ ಕೆಲಸವೋ ಕೈಯದೋ ಎಂದು ತಿಳಿಯಲು ಸೆರಗನ್ನು ತಿರುವಿ ನೋಡುವುದು ಜಾಣತನ.

ಮೂರನೆಯ ದಿನಕ್ಕೆ ಸಂಗೀತ. ಕನ್ನಡದ ನಡುನೆಲದಲ್ಲಿ ಹಿಂದೂಸ್ತಾನಿ ಗಾಯನ ಬೇರೂರಿದ್ದಕ್ಕೆ ಎರಡು ಕಾರಣಗಳು ಸ್ಪಷ್ಟವಾಗಿವೆ. ಮೈಸೂರು ಅರಮನೆಯ ಆಮಂತ್ರಣದ ಮೇಲೆ ಉತ್ತರದಿಂದ ಹೊರಟ ಉಸ್ತಾದರು ಈ ಊರುಗಳಲ್ಲಿ ತಂಗಿ ಹಾಡಿ ಮುಂದೆ ಹೋಗುತ್ತಿದ್ದರು. ಮುಂಬಯಿ ಪ್ರಾಂತದ ಭಾಗವಾದ್ದರಿಂದ ಮರಾಠಿ ನಾಟಕ ಕಂಪನಿಗಳು ರಂಗಗೀತೆಗಳೊಂದಿಗೆ ಇಲ್ಲಿ ಬಿಡಾರ ಹೂಡುತ್ತಿದ್ದವು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಹೀಗೆ ಬಂದು ಹೋಗುತ್ತಿದ್ದವರಲ್ಲಿ ಮುಖ್ಯರು. ಘರಾಣೆ ಎಂದರೆ ಗುರುಶಿಷ್ಯ ಪರಂಪರೆಯಲ್ಲಿ ಕೈಯಿಂದ ಕೈಗೆ ಬಂದ ಹಾಡುಗಾರಿಕೆಯ ಮನೆತನ. ಕಿರಾಣೆಯವರು ಒಂದೊಂದು ಸ್ವರವನ್ನೂ ನಿಧಾನವಾಗಿ ಬೆಳೆಸುತ್ತ ರಾಗವನ್ನು ಅರಳಿಸುತ್ತಾರೆ. ಖಾನರ ಶಿಷ್ಯ, ಕುಂದಗೋಳದ ರಾಮಚಂದ್ರರಾಯರು ನಾಟಕರಂಗದಲ್ಲಿ ಸವಾಯಿ ಗಂಧರ್ವರೆಂದು ಹೆಸರಾದರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಅವರಲ್ಲಿ ಪಾಠ ಕಲಿಯಲು ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಗದಗ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಉಳಿದು ಕಲಿತರು. ಧಾರವಾಡದ ಸಮೀಪದ ಮನಸೂರಿನ ಮಲ್ಲಿಕಾರ್ಜುನ ಮನಸೂರರದು ಬೇರೆ ದಾರಿ, ವಿರಳ ರಾಗಗಳಿಗೂ ಹೆಣಿಗೆಯಂಥ ತಾನಗಳಿಗೂ ಹೆಸರಾದ ಜೈಪುರ-ಅತ್ರೌಲಿ ಘರಾಣೆಯದು. ಅವರ ಮನೆ ‘ಮೃತ್ಯುಂಜಯ’ ಇಂದು ಸ್ಮಾರಕವಾಗಿದೆ. ಉಣಕಲ್ಲಿನ ಗಂಗೂಬಾಯಿ ಹಾನಗಲ್ ಗುರುಕುಲದಲ್ಲಿ ಎಳೆಯ ವಿದ್ಯಾರ್ಥಿಗಳು ಹಳೆಯ ಕ್ರಮದಂತೆ ಗುರುಗಳ ಬಳಿಯಲ್ಲೇ ವಾಸಿಸಿ ಕಲಿಯುವ ಏರ್ಪಾಡಿದೆ.

ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳಕ್ಕೆ ಕಡೆಯ ಸಂಜೆಯನ್ನು ಇರಿಸಿಕೊಳ್ಳಬೇಕು. ಉಸ್ತಾದರಿಗೂ ಅವರ ಶಿಷ್ಯರಿಗೂ ಅನ್ನ, ಆಶ್ರಯ ಕೊಟ್ಟ ನಾಡಿಗೇರ ಮನೆತನದ ವಾಡೆ ಅಲ್ಲಿದೆ. ಮರದ ಕಂಬಗಳ ನಡುವಣ ಆ ಪಡಸಾಲೆಯಲ್ಲಿ ಧ್ವನಿವರ್ಧಕವಿಲ್ಲದ ಕಾಲದಿಂದಲೂ ಬೈಠಕ್ಕುಗಳು, ಅಂದರೆ ಕೇಳುಗರು ಹಾಡುವವರೆದುರಿಗೇ ನೆಲದ ಮೇಲೆ ಕೂಡುವ ಕಚೇರಿಗಳು, ನಡೆದು ಬಂದಿವೆ. ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವದ ಕಾಲಕ್ಕೆ ಪ್ರವಾಸವನ್ನು ಹೊಂದಿಸಿಕೊಂಡವರಿಗೆ ರಾತ್ರಿಯಿಡೀ ಕೇಳುವ ಭಾಗ್ಯ. ಇಂಥ ಬೈಠಕ್ಕು ಭೈರವಿ ರಾಗದಲ್ಲಿ ಮುಗಿಯುವುದು ಸಂಪ್ರದಾಯ. ಆ ಹೊತ್ತಿಗೆ ಊರ ಸುತ್ತಲಿನ ಎರಿ ಹೊಲಗಳ ಮೇಲೆ ಬೆಳಕು ಹರಿದಿರುತ್ತದೆ, ಕಂಬಳಿ ಹೊದ್ದು ಕುಳಿತ ಹಳ್ಳಿಯ ಕೇಳುಗರು ಎದ್ದು, ಆಕಳಿನ ಹಾಲು ಹಿಂಡುವ ಹೊತ್ತಾಯಿತೆಂದು ಮನೆಯ ಕಡೆಗೆ ನಡೆಯುತ್ತಾರೆ.